ಮೂವರ ಮನೆ, ಒಬ್ಬನ ಹೆಸರು

ನಮ್ಮ ಬಾಡಿಗೆ ಮನೆಗೂ ಬಾಡಿಗೆ ಕಾಯ್ದೆಗೂ ನಡುವೆ ಇದ್ದ ದೂರ ಬರೀ ನೂರು ರೂಪಾಯಿ. ಹನುಮಂತನಗರದ ಆ ಮನೆಗೆ ನಾವು ತಿಂಗಳಿಗೆ 3600 ಕೊಡುತ್ತಿದ್ದೆವು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ಅನ್ವಯವಾಗುವುದು 3500 ರೂಪಾಯಿ ದಾಟದ ಮನೆಗಳಿಗೆ ಮಾತ್ರ. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು, ನಾವು ಆ ಮನೆಯಲ್ಲಿ ಟ್ರಂಕು, ಸ್ಟೌವು, ಅಪ್ಪೆಮಿಡಿ ಜಾಡಿ ಇಳಿಸುವುದಕ್ಕೆ ಸ್ವಲ್ಪ ಮೊದಲು. ಶಾಸನಸಭೆ ನಮಗೆಂದೇ ಒಂದು ಕೊಡೆ ಬಿಚ್ಚಿ, ನಾವು ಓಡಿ ಬರುವಷ್ಟರಲ್ಲಿ ಅರ್ಧ ಅಡಿ ಆಚೆ ಹಿಡಿದ ಹಾಗಾಗಿತ್ತು.

ಇದನ್ನು ಪತ್ತೆ ಹಚ್ಚಿದವನು ಹಾಸನದವನು. ನಾವು ಮೂವರಿದ್ದೆವು. ಹಾಸನದವನು, ರಾಯಚೂರಿನವನು, ಶಿರಸಿಯವನಾದ ನಾನು. ಹಾಲಿನ ಹುಡುಗನಿಂದ ಹಿಡಿದು ಓನರ್ ಆಂಟಿಯವರೆಗೆ ಎಲ್ಲರಿಗೂ ನಾವು ಊರುಗಳೇ. ‘ಹಾಸನ ಬಂದ್ರೆ ಮೋಟಾರ್ ಆಫ್ ಮಾಡೋಕೆ ಹೇಳಿ’ ಎಂದು ಆಂಟಿ ಮಹಡಿಯಿಂದ ಕೂಗುತ್ತಿದ್ದರು. ಹಾಸನದವನು ಬೆಳಗ್ಗೆ ಲಾ ಕಾಲೇಜಿಗೆ ಹೋಗಿ, ಆಮೇಲೆ ಒಬ್ಬ ಆಡಿಟರ್ ಕಚೇರಿಯಲ್ಲಿ ಸಂಜೆಯವರೆಗೆ ಲೆಕ್ಕ ಬರೆಯುತ್ತಿದ್ದ. ಮೊದಲ ವರ್ಷದ ಕಾನೂನು ವಿದ್ಯಾರ್ಥಿಯೊಬ್ಬ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಅವನು ಹೊಸ ಸೆಕ್ಷನ್ ಓದಿದ ದಿನ ನಮಗೆ ಊಟ ತಡ.

‘ಬೇಕಂತಲೇ 3600 ಇಟ್ಟಿದ್ದಾನೆ ಮಾರಾಯ, ಈ ಓನರು ಭಾರಿ ಕಿಲಾಡಿ’ ಎಂದ. ಓನರ್ ಅಂಕಲ್ ಕಾರ್ಖಾನೆಯಿಂದ ನಿವೃತ್ತರಾದ ಸಾಧು ಮನುಷ್ಯ. ಕಾಯ್ದೆಯ ಹೆಸರನ್ನೂ ಕೇಳಿದವರಲ್ಲ. ವಿಚಾರಿಸಿದರೆ, ‘ಬಾಡಿಗೆ ಮೂರೂವರೆ ಸಾವಿರನೇ ಕಣಪ್ಪ, ನೂರು ನೀರಿಗೆ’ ಎಂದುಬಿಟ್ಟರು. ಆದರೆ ಕರಾರುಪತ್ರದಲ್ಲಿ ಎರಡನ್ನೂ ಕೂಡಿಸಿ ಒಂದೇ ಅಂಕಿ ಬರೆಸಿದ್ದರು. ದಿನ ಬಿಟ್ಟು ದಿನ ಬರುವ ಕಾವೇರಿಯೇ ನಮ್ಮನ್ನು ಬಾಡಿಗೆ ಕಾಯ್ದೆಯಿಂದ ಆಚೆ ಕೊಚ್ಚಿಕೊಂಡು ಹೋಗಿದ್ದಳು.

ಹಾಗೆ ಆಚೆ ಬಿದ್ದವರಿಗೆ ಗತಿ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ವಿಕ್ಟೋರಿಯಾ ರಾಣಿಯ ಕಾಲದ್ದು. ಇವತ್ತಿಗೂ ಬೆಂಗಳೂರಿನ ಬಹುಪಾಲು ಬಾಡಿಗೆದಾರರು ಇರುವುದು ಅದರಡಿಯಲ್ಲೇ, ಅದು ಅವರಿಗೆ ಗೊತ್ತಿರುವುದಿಲ್ಲ ಅಷ್ಟೇ. ಹಾಸನದವನು ಅದರ ಹಳೇ ಪ್ರತಿಯೊಂದನ್ನು ಅವೆನ್ಯೂ ರಸ್ತೆಯಲ್ಲಿ ಕೊಂಡು ತಂದ. 108ನೇ ಸೆಕ್ಷನ್ ಓದಿ ಹೇಳಿದಾಗ ನಮಗೆ ಆಶ್ಚರ್ಯವಾದದ್ದು ನಿಜ. ಬಾಡಿಗೆ ಸರಿಯಾಗಿ ಕೊಡುತ್ತಿರುವವನು ನೆಮ್ಮದಿಯಾಗಿ, ಅಡ್ಡಿ ಆತಂಕವಿಲ್ಲದೆ ಮನೆಯನ್ನು ಅನುಭವಿಸಬಹುದು. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ನಾವೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಿಡುವಾಗ ಮನೆ ಕೊಟ್ಟ ಸ್ಥಿತಿಯಲ್ಲೇ ಇರಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತ ನಮ್ಮ ತಲೆಗೆ ಬರುವುದಿಲ್ಲ. ಇಷ್ಟೆಲ್ಲ ಹಕ್ಕು ಹೊತ್ತುಕೊಂಡು ನಾವು ಬಚ್ಚಲಿನ ಸೋರುವ ನಲ್ಲಿಯ ಕೆಳಗೆ ಬಕೀಟು ಇಟ್ಟುಕೊಂಡು ಬದುಕುತ್ತಿದ್ದೆವು.

ನೆಮ್ಮದಿಯ ಅನುಭೋಗದ ವಿಷಯಕ್ಕೆ ಬಂದರೆ, ನಮ್ಮ ಅಡಿಗೆಮನೆಯ ಹಿತ್ತಿಲ ಬಾಗಿಲ ಆಚೆ ಒಂದು ಕರಿಬೇವಿನ ಗಿಡವಿತ್ತು. ಅಲ್ಲಿಗೆ ಬೇರೆ ದಾರಿ ಇರಲಿಲ್ಲ. ಓನರ್ ಆಂಟಿ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಇಳಿದು ಬರುತ್ತಿದ್ದರು. ನಾವು ಟವೆಲಿನಲ್ಲಿರಲಿ, ನಿದ್ದೆಯಲ್ಲಿರಲಿ, ಅವರ ಎಣ್ಣೆ ಕಾಯಬೇಕಲ್ಲ? ಹಾದುಹೋಗುವಾಗ ಸಿಂಕಿನ ಮೇಲೊಂದು ನೋಟ, ಗ್ಯಾಸಿನ ಕಟ್ಟೆಯ ಮೇಲೊಂದು ನೋಟ. ಹಾಸನದವನು ಒಂದು ಭಾನುವಾರ ಧೈರ್ಯ ಮಾಡಿ ‘ಆಂಟಿ, ಕಾನೂನಿನ ಪ್ರಕಾರ...’ ಎಂದು ಶುರು ಮಾಡಿದ. ಅವರು ಕರಿಬೇವಿನ ಎಸಳು ಬಿಡಿಸುತ್ತಲೇ, ‘ಗಿಡ ನಮ್ಮದಪ್ಪ, ಮನೆ ನಿಮ್ಮದೇ ಅಂದ್ಕೊಳ್ಳಿ’ ಎಂದು ಹೋದರು. ಅರ್ಧ ಗಂಟೆಯಲ್ಲಿ ಒಂದು ಪಾತ್ರೆ ಬಿಸಿಬೇಳೆಬಾತ್ ಕೆಳಗಿಳಿದು ಬಂತು. 108ನೇ ಸೆಕ್ಷನ್ ಅದರ ಜತೆಗೇ ಜೀರ್ಣವಾಯಿತು. ನಮ್ಮಲ್ಲಿ ಹಕ್ಕು ಕೇಳದೇ ಇರುವುದಕ್ಕೆ ಕಾರಣ ಅಜ್ಞಾನ ಅಂತ ಲೇಖನ ಬರೆಯುವವರು ಮುಲಾಜು ಎಂಬುದನ್ನು ಮರೆಯುತ್ತಾರೆ. ಬಾತ್ ತಿಂದವನು ನೋಟಿಸು ಕಳಿಸುವುದು ಹೇಗೆ?

ಆದರೆ ಹಾಸನದವನ ನಿಜವಾದ ಸೋಲು ಬಾತಿನಿಂದ ಆದದ್ದಲ್ಲ. ಅವನು ಸೆಕ್ಷನ್ನಿನ ಒಳಗಿನ ಹಕ್ಕುಗಳನ್ನೆಲ್ಲ ಬಾಯಿಪಾಠ ಮಾಡಿದ್ದ. ಅದರ ಮೊದಲ ಸಾಲಿನ ಮಹಿಮೆ ಅವನಿಗೆ ತಿಳಿದದ್ದು ತಡವಾಗಿ. ಕರಾರಿನಲ್ಲಾಗಲಿ ಸ್ಥಳೀಯ ರೂಢಿಯಲ್ಲಾಗಲಿ ಬೇರೆ ಥರ ಇಲ್ಲದಿದ್ದರೆ ಮಾತ್ರ ಇವೆಲ್ಲ, ಎಂದು ಆ ಸಾಲು. ಬೆಂಗಳೂರಿನಲ್ಲಿ ಸ್ಥಳೀಯ ರೂಢಿ ಅಲ್ಲದ್ದು ಯಾವುದಿದೆ? ಹತ್ತು ತಿಂಗಳ ಅಡ್ವಾನ್ಸು ರೂಢಿ. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ರೂಢಿ. ಕರಾರಂತೂ ಕೇಳುವುದೇ ಬೇಡ.

ಆ ಕರಾರುಪತ್ರವನ್ನು ಟೈಪು ಮಾಡಿದವರು ನೋಂದಣಿ ಕಚೇರಿಯೊಂದರ ಎದುರಿನ ಮರದಡಿಯ ಟೈಪಿಸ್ಟು. ಅವಧಿ ಎಷ್ಟು ಅಂತ ಅವರು ಕೇಳಲೇ ಇಲ್ಲ, ಹನ್ನೊಂದು ತಿಂಗಳು ಎಂದು ಹೊಡೆದೇಬಿಟ್ಟರು. ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಣಿ ಮಾಡಿಸಲೇಬೇಕು ಎಂದು 1882ರ ಕಾಯ್ದೆಯ 107ನೇ ಸೆಕ್ಷನ್ನೂ 1908ರ ನೋಂದಣಿ ಕಾಯ್ದೆಯೂ ಹೇಳುತ್ತವೆ. ಆದ್ದರಿಂದ ಇಡೀ ದೇಶವೇ ಹನ್ನೊಂದು ತಿಂಗಳಿಗೊಮ್ಮೆ ಮನೆ ಹಿಡಿಯುತ್ತದೆ. ನೋಂದಣಿ ಕಚೇರಿಯ ಎದುರಲ್ಲೇ ಕೂತು, ನೋಂದಣಿ ತಪ್ಪಿಸುವ ಕಾಗದ ಬರೆದುಕೊಟ್ಟು ಜೀವನ ಮಾಡುವವರ ಬಗ್ಗೆ ನನಗೆ ಗೌರವವಿದೆ. ಅವರು ಹಿಂದಿನ ಯಾವುದೋ ಕಾಗದವನ್ನು ಎದುರಿಗಿಟ್ಟುಕೊಂಡು ಹೆಸರು ಮಾತ್ರ ಬದಲಿಸುತ್ತಿದ್ದರು. ಹಾಗಾಗಿ ನಮ್ಮ ಕರಾರಿನ ಒಂಬತ್ತನೇ ಕಲಮಿನಲ್ಲಿ, ಬಾಡಿಗೆದಾರರು ಸದರಿ ಸ್ವತ್ತಿನಲ್ಲಿ ಅಕ್ಕಿ ಗಿರಣಿಯ ಯಂತ್ರಗಳನ್ನಾಗಲಿ ಹಿಟ್ಟು ಬೀಸುವ ಯಂತ್ರಗಳನ್ನಾಗಲಿ ಹೂಡತಕ್ಕದ್ದಲ್ಲ ಎಂದಿತ್ತು. ನಾವು ಮೂವರೂ ಕೊನೆಯ ದಿನದವರೆಗೆ ಆ ಕಲಮನ್ನು ನಿಷ್ಠೆಯಿಂದ ಪಾಲಿಸಿದೆವು.

ಪಾಲಿಸಲಾಗದ ಷರತ್ತುಗಳೆಲ್ಲ ಬಾಯಿಮಾತಿನವು. ರಾತ್ರಿ ನೆಂಟರು ಕೂಡದು, ಹುಡುಗಿಯರಂತೂ ಹಗಲೂ ಕೂಡದು, ಮೊಟ್ಟೆ ಕೂಡದು. ಮೂರನೆಯದರಿಂದ ಕಷ್ಟಕ್ಕೆ ಬಿದ್ದವನು ರಾಯಚೂರಿನವನು. ಮೊಟ್ಟೆಯ ಓಡನ್ನು ಹಳೇ ಪೇಪರಿನಲ್ಲಿ ಸುತ್ತಿ, ಆಫೀಸಿನ ಬ್ಯಾಗಿನಲ್ಲಿಟ್ಟುಕೊಂಡು, ರಾಮಕೃಷ್ಣ ಆಶ್ರಮದ ಸರ್ಕಲ್ಲಿನ ತೊಟ್ಟಿಗೆ ಹಾಕಿ ಬಸ್ ಹತ್ತುತ್ತಿದ್ದ. ಚಿನ್ನ ಕಳ್ಳಸಾಗಣೆ ಮಾಡುವವರೂ ಅಷ್ಟು ಜಾಗ್ರತೆ ವಹಿಸುವುದಿಲ್ಲ.

ಓನರುಗಳು ಹೀಗೆ ಗಟ್ಟಿಯಾಗುವುದಕ್ಕೆ ಹಿಂದಿನ ಕಾಲದ ಪೆಟ್ಟೂ ಕಾರಣ ಎಂದು ನನಗನ್ನಿಸುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಖಾಲಿಯಾದರೆ ಕಂಟ್ರೋಲರಿಗೆ ತಿಳಿಸಬೇಕಿತ್ತು. ಒಮ್ಮೆ ಒಳಗೆ ಬಂದವರನ್ನು ಎಬ್ಬಿಸುವುದು ಬ್ರಹ್ಮವಿದ್ಯೆ. ಚಾಮರಾಜಪೇಟೆಯ ವಠಾರವೊಂದರಲ್ಲಿದ್ದ ನನ್ನ ದೊಡ್ಡಪ್ಪ, ಮಾಲೀಕರ ಮಗ ದಾವೆ ಹೂಡಿ, ಆ ಮಗನಿಗೆ ಮಗ ಹುಟ್ಟಿ, ಅವನು ಕಾಲೇಜು ಸೇರಿದರೂ ಅದೇ ಮನೆಯಲ್ಲಿದ್ದು ಅದೇ ಪುಡಿಗಾಸಿನ ಬಾಡಿಗೆ ಕೊಡುತ್ತಿದ್ದರು. ಅದೂ ರಸೀದಿ ಕೇಳಿ. ಮಾಲೀಕರು ತೆಗೆದುಕೊಳ್ಳದಿದ್ದರೆ ಮನಿಯಾರ್ಡರ್ ಮಾಡುತ್ತಿದ್ದರು. ನಮ್ಮ ಕುಟುಂಬದಲ್ಲಿ ಅದನ್ನು ಶೌರ್ಯದ ಕಥೆಯಾಗಿಯೇ ಹೇಳುತ್ತಾರೆ. ಆ ಮಾಲೀಕರ ಮನೆಯಲ್ಲಿ ಹೇಗೆ ಹೇಳುತ್ತಾರೋ! ಅವರ ಮೊಮ್ಮಕ್ಕಳು ಇವತ್ತು ಮೊದಲ ದಿನವೇ ಹತ್ತು ತಿಂಗಳದ್ದು ಇಸಿದುಕೊಂಡರೆ ಬೈಯಲು ನನಗೆ ಬಾಯಿ ಬರುವುದಿಲ್ಲ.

ಇರಲಿ, ಓನರ್ ಜತೆಗಿನ ಜಗಳಕ್ಕೆ ಕಾಗದವಾದರೂ ಇರುತ್ತದೆ. ನಮ್ಮ ನಮ್ಮೊಳಗಿನ ಜಗಳಕ್ಕೆ ಇದ್ದದ್ದು ಒಂದು ನೋಟ್‌ಬುಕ್ಕು. ಅಡಿಗೆಮನೆಯ ಬಾಗಿಲ ಹಿಂದೆ ಮೊಳೆ ಹೊಡೆದು ಅದನ್ನು ನೇತುಹಾಕಿದ್ದೆವು. ದಾರದಲ್ಲಿ ಒಂದು ಪೆನ್ಸಿಲ್ಲು, ದಾರ ಉದ್ದ ಸಾಲದೆ ಬರೆಯುವಾಗ ಎಡಕ್ಕೆ ವಾಲಬೇಕಿತ್ತು. ನಮ್ಮ ಮೂವರ ಅಕ್ಷರವೂ ಆ ಪುಸ್ತಕದಲ್ಲಿ ಎಡಕ್ಕೇ ವಾಲಿದೆ. ಹಾಲು, ಗ್ಯಾಸು, ಪೇಪರು, ಸೊಪ್ಪು. ಮೊದಲು ಇಷ್ಟೇ ಇತ್ತು. ಆಮೇಲೆ ‘ಗೀಸರ್ — ಹಾಸನ 20 ನಿಮಿಷ’ ಎಂಬಂಥ ದಾಖಲೆಗಳು ಬಂದವು. ಅದಕ್ಕೆ ಪ್ರತಿಯಾಗಿ ‘ಶಿರಸಿಯ ಅಕ್ಕ-ಭಾವ ಎರಡು ದಿನ ಇದ್ದರು, ಹಾಲು ಹೆಚ್ಚಾಗಿದೆ’. ನಾನು ಹೀಗೆ ಬಿಡುವವನೇ? ‘ಜೋಳದ ಹಿಟ್ಟು ಒಬ್ಬರೇ ತಿನ್ನುವುದು, ಲೆಕ್ಕ ಮೂವರಿಗೆ’ ಎಂದು ಬರೆದೆ. ಬಾಯಲ್ಲಿ ಯಾರೂ ಜಗಳವಾಡಲಿಲ್ಲ. ಒಟ್ಟಿಗೇ ಕೂತು ಉಣ್ಣುತ್ತಿದ್ದೆವು, ಒಟ್ಟಿಗೇ ಸಿನಿಮಾಕ್ಕೆ ಹೋಗುತ್ತಿದ್ದೆವು, ಬಂದು ಬಾಗಿಲ ಹಿಂದೆ ನಿಂತು ಒಬ್ಬೊಬ್ಬರೇ ಬರೆಯುತ್ತಿದ್ದೆವು.

ರಾಯಚೂರಿನವನ ರೊಟ್ಟಿಯ ಬಗ್ಗೆ ಹಾಗೆ ಬರೆದೆನಾದರೂ, ಅವನು ರೊಟ್ಟಿ ಬಡಿಯುವ ಸಂಜೆ ನಾವಿಬ್ಬರೂ ಬೇಗ ಮನೆ ಸೇರುತ್ತಿದ್ದೆವು. ಊರಿಂದ ಹೊತ್ತು ತಂದ ಕಬ್ಬಿಣದ ಹಂಚು ಅವನದು. ಮೇಲೆ ನೀರು ಸವರಿದ ರೊಟ್ಟಿ ಉಬ್ಬಿ ಬರುವಾಗ ಒಂದು ಕ್ಷಣ ಮೂವರೂ ಮಾತು ನಿಲ್ಲಿಸುತ್ತಿದ್ದೆವು. ಬಡಿಯುವ ಸದ್ದಿಗೆ ಆಂಟಿ ಮೇಲಿಂದ ಏನೂ ಅನ್ನುತ್ತಿರಲಿಲ್ಲ. ಎರಡು ರೊಟ್ಟಿ ಮೇಲಕ್ಕೆ ಹೋಗುತ್ತಿತ್ತು ಎಂಬುದು ನಮಗೆ ಗೊತ್ತಾದದ್ದು ಅವನು ಮನೆ ಬಿಟ್ಟ ಮೇಲೆ.

ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಕೂಡಲೇ ಹೊರಡಬೇಕು. ತನ್ನ ಪಾಲಿನ ಅಡ್ವಾನ್ಸು 12,000 ಬೇಕೆಂದ. ನ್ಯಾಯವೇ. 36,000ದಲ್ಲಿ ಮೂರನೇ ಒಂದು ಪಾಲು ಅವನದು. ಮೂವರೂ ಮೇಲೆ ಹೋಗಿ ಕೇಳಿದೆವು. ಅಂಕಲ್ ಕಾಗದ ತೆಗೆದು, ಕನ್ನಡಕ ಹಾಕಿ, ಎಲ್ಲವನ್ನೂ ಓದಿ, ‘ಇಲ್ಲಿ ಶಿರಸಿ ಹೆಸರು ಒಂದೇ ಇದೆಯಲ್ಲಪ್ಪ’ ಎಂದರು. ನಮ್ಮ ಪೈಕಿ ಕಾಯಂ ಕೆಲಸದ ಸಂಬಳದ ಚೀಟಿ ಇದ್ದವನು ನಾನೊಬ್ಬನೇ. ಹಾಗಾಗಿ ಬಾಡಿಗೆದಾರ ನಾನು. ಉಳಿದಿಬ್ಬರು ಕಾನೂನಿನ ಕಣ್ಣಿಗೆ ನನ್ನ ಮನೆಗೆ ಬಂದು ಹೋಗಲು ಮರೆತ ನೆಂಟರು.

ಮೂವರೂ ಸಹಿ ಹಾಕಿದ್ದರೆ ಕಥೆ ಬೇರೆ. 1872ರ ಕರಾರು ಕಾಯ್ದೆಯ 43ನೇ ಸೆಕ್ಷನ್ ಇಂಥದಕ್ಕೇ ಇರುವುದು. ಹಲವರು ಸೇರಿ ಮಾತು ಕೊಟ್ಟರೆ, ಓನರು ಅವರಲ್ಲಿ ಯಾರೊಬ್ಬನನ್ನು ಹಿಡಿದರೂ ಪೂರ್ತಿ ಬಾಡಿಗೆ ವಸೂಲು ಮಾಡಬಹುದು. ಹಾಗೆ ತೆತ್ತವನು ಉಳಿದವರಿಂದ ಅವರವರ ಪಾಲು ಕೇಳಿ ಪಡೆಯಬಹುದು. ಒಬ್ಬ ಕೈ ಎತ್ತಿದರೆ ಆ ನಷ್ಟವನ್ನು ಮಿಕ್ಕವರು ಸಮನಾಗಿ ಹೊರಬೇಕು. ಹಾಸನದವನು ಇದನ್ನು ಗಂಭೀರವಾಗಿ ವಿವರಿಸಿದ. ‘ಹಂಗಾದ್ರ ಸಹಿ ಹಾಕೂ ದಿನ ಯಾಕ ಹೇಳಲಿಲ್ಲಲೇ?’ ಎಂದ ರಾಯಚೂರಿನವನು. ‘ಆವಾಗ ಇನ್ನೂ ಆ ಪಾಠ ಆಗಿರ್ಲಿಲ್ಲ’ ಎಂದ ಇವನು.

ಕೊನೆಗೆ ಬೆಂಗಳೂರಿನ ಎಲ್ಲ ಬ್ಯಾಚುಲರ್ ಮನೆಗಳಲ್ಲಿ ಆಗುವುದೇ ಆಯಿತು. ಹೊಸಬನೊಬ್ಬನನ್ನು ಹುಡುಕಿ, ಅವನಿಂದ ಇಸಿದು ಹೋಗುವವನಿಗೆ ಕೊಡುವುದು. ಬಂದವನು ಮಂಡ್ಯದವನು. ವ್ಯವಹಾರಸ್ಥ. ಗೋಡೆಗಳನ್ನೆಲ್ಲ ನೋಡಿ, ‘ಬಿಡೋವಾಗ ಪೇಂಟಿಂಗ್ ಮುರ್ಕತಾರೆ. ಕೊಳೆ ಮಾಡಿದ್ದು ಅವ್ನು, ದುಡ್ಡು ನಾನ್ಯಾಕೆ ಕೊಡ್ಲಿ?’ ಎಂದ. ಪೇಂಟಿಂಗಿನ 3600ರಲ್ಲಿ ಒಂದು ಪಾಲು, 1200 ಹಿಡಿದುಕೊಂಡು 10,800 ಎಣಿಸಿದ. ರಾಯಚೂರಿನವನ ವಾದವೂ ಸರಿಯೇ ಇತ್ತು. ಇನ್ನೂ ಹೊಡೆಯದ ಬಣ್ಣಕ್ಕೆ ಈಗ ದುಡ್ಡು ಏಕೆ? ಹಾಸನದವನು ನ್ಯಾಯಾಧೀಶನಾದ. ಉಭಯತ್ರರ ವಾದ ಆಲಿಸಿ, ಸಹಜ ಸವೆತದ ತತ್ವವನ್ನು ಪರಿಶೀಲಿಸಿ, ಮುಂದಿನ ದಿನಕ್ಕೆ ಮುಂದೂಡಿದ. ಆ ವಿಷಯದಲ್ಲಿ ಅವನಿಗೆ ಆಗಲೇ ವೃತ್ತಿ ಕರಗತವಾಗಿತ್ತು. ಬಸ್ಸಿನ ಹೊತ್ತಾಗಿತ್ತು. ರಾಯಚೂರಿನವನು ನೋಟ್‌ಬುಕ್ಕಿನ ಹತ್ತಿರ ಹೋಗಿ, ವಾಲಿಕೊಂಡು, ‘ರಾಯಚೂರಿಗೆ 1200 ಬರಬೇಕು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಯಾರ ಮುಖವನ್ನೂ ನೋಡದೆ ಹೊರಟ. ಹಂಚು ಒಲೆಯ ಮೇಲೇ ಇತ್ತು.

ನಾವು ಮನೆ ಬಿಟ್ಟದ್ದು ಅದಾದ ಮೇಲಿನ ಬೇಸಿಗೆಯಲ್ಲಿ. ಆಂಟಿ ಕೈಯಲ್ಲಿ ಸೀಮೆಸುಣ್ಣ ಹಿಡಿದು ಬಂದರು. ಗೋಡೆಯಲ್ಲಿ ಮೊಳೆಯ ತೂತು ಕಂಡಲ್ಲೆಲ್ಲ ಸುತ್ತ ಒಂದು ಸೊನ್ನೆ ಹಾಕುತ್ತ ನಡೆದರು. ಕ್ಯಾಲೆಂಡರಿನ ಮೊಳೆ, ಕನ್ನಡಿಯ ಮೊಳೆ, ಸೊಳ್ಳೆಪರದೆಯ ನಾಲ್ಕು, ಬಾಗಿಲ ಹಿಂದಿನದೊಂದು. ಹಾಲಿನ ಮೂಲೆಯಲ್ಲಿ ನಾವು ಹೊಡೆಯದ ಎರಡು ತೂತಿದ್ದವು, ಹಿಂದಿನವರದು. ಅವಕ್ಕೂ ಸೊನ್ನೆ ಬಿತ್ತು. ಅಂಕಲ್ ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತ ನಿಂತಿದ್ದರು. ಹಾಸನದವನು ಸಹಜ ಸವೆತದ ಬಗ್ಗೆ ಹೇಳಲು ಹೋದಾಗ ಆಂಟಿ, ‘ನಿಮ್ಮ ಪುಸ್ತಕ ಸರಿ ಇರಬಹುದು ಕಣಪ್ಪ, ಪೇಂಟರ್ ಪುಸ್ತಕ ಓದಲ್ಲ’ ಎಂದರು. 3600 ಹೋಯಿತು. ನಲ್ಲಿಗೆಂದು ಇನ್ನೂ 150. ಆ ನಲ್ಲಿ ನಾವು ಬಂದ ದಿನದಿಂದಲೂ ಸೋರುತ್ತಿತ್ತು.

ಉಳಿದದ್ದನ್ನು ಅಂದೇ ಕೊಟ್ಟರೆ? ಇಲ್ಲ. ‘ಮುಂದಿನವರು ಬಂದು ಕೊಟ್ಟ ಕೂಡಲೇ...’ ಎಂದರು ಅಂಕಲ್, ತಲೆ ತಗ್ಗಿಸಿ. ನಮ್ಮ 36,000 ಅವರ ಮಗಳ ಮದುವೆಯ ಚಪ್ಪರದಲ್ಲಿ ಎಂದೋ ಕರಗಿತ್ತು. ನಮಗಿಂತ ಹಿಂದಿನವರಿಗೆ ಕೊಟ್ಟದ್ದೂ ನಮ್ಮ ದುಡ್ಡೇ ಇದ್ದಿರಬೇಕು. ಬೆಂಗಳೂರಿನ ಅಡ್ವಾನ್ಸು ಹೆಚ್ಚಾಗಿ ಹೀಗೆಯೇ ಓಡುತ್ತಿರುತ್ತದೆ, ಯಾರ ಬಳಿಯೂ ಇರುವುದಿಲ್ಲ. ದಾವೆ ಹಾಕಲು ಮೂರು ವರ್ಷ ಕಾಲಾವಕಾಶವಿದೆ ಎಂದು ಹಾಸನದವನು ಮೆಟ್ಟಿಲಿಳಿಯುವಾಗ ಹೇಳಿದ. ದಾವೆ ಬೇಕಾಗಲಿಲ್ಲ. ಅಂಕಲ್ ಕಂತಿನಲ್ಲಿ ಕೊಟ್ಟು ತೀರಿಸಿದರು. ಪ್ರತಿ ಕಂತಿಗೂ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಹಾಸನದವನು ಈಗ ಸಿಟಿ ಸಿವಿಲ್ ಕೋರ್ಟಿನಲ್ಲಿ ವಕೀಲ. ಮನೆ ಖಾಲಿ ಮಾಡಿಸುವ ದಾವೆಗಳಲ್ಲಿ ಒಳ್ಳೆಯ ಹೆಸರು. ಓನರುಗಳ ಪರ. ಕೆಲವು ವರ್ಷದ ಹಿಂದೆ ಕಲಬುರಗಿಯ ಮದುವೆಯೊಂದರಲ್ಲಿ ನಮಗಿಬ್ಬರಿಗೂ ರಾಯಚೂರಿನವನು ಎದುರಾದ. ಕೂದಲು ಹೋಗಿತ್ತು, ಹೊಟ್ಟೆ ಬಂದಿತ್ತು. ನಮಸ್ಕಾರ ಇಲ್ಲ, ಏನಿಲ್ಲ, ‘ನನ್ನ ಹನ್ನೆರಡು ನೂರು?’ ಎಂದ. ಹಾಸನದವನು ಸುಮ್ಮನಿರದೆ ‘ಮೂರು ವರ್ಷದ ಲಿಮಿಟೇಶನ್ ಮುಗಿದಿದೆ’ ಎಂದ. ‘ರೊಕ್ಕ ಹೋಗ್ಲಿ ಬಿಡಲೇ, ನಮ್ಮವ್ವನ ಹಂಚರೆ ಕೊಡ್ರಿ’ ಎಂದು ಅವನು ನಕ್ಕ. ನಾವೂ ನಕ್ಕೆವು. ಆ ಹಂಚು ಏನಾಯಿತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನ ಅವ್ವ ಆ ವರ್ಷವೇ ತೀರಿಕೊಂಡಿದ್ದರೆಂದು ಊಟದ ಪಂಕ್ತಿಯಲ್ಲಿ ತಿಳಿಯಿತು.

ಈಗ ನನ್ನ ಅಕ್ಕನ ಮಗ ಬೆಳ್ಳಂದೂರಿನಲ್ಲಿ ಇನ್ನಿಬ್ಬರೊಂದಿಗೆ ಫ್ಲ್ಯಾಟು ಹಿಡಿದಿದ್ದಾನೆ. ಅವನಿಗೆ ನೋಟ್‌ಬುಕ್ಕು ಬೇಡ, ಲೆಕ್ಕಕ್ಕೆ ಆ್ಯಪ್ ಇದೆ. ಕರಾರು ಇ-ಸ್ಟ್ಯಾಂಪ್ ಮೇಲೆ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಬಗ್ಗೆಯೂ ಅವನು ಓದಿದ್ದಾನೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೇಳುವಂತಿಲ್ಲ, ಓನರು ಒಳಗೆ ಬರಬೇಕಿದ್ದರೆ 24 ಗಂಟೆ ಮೊದಲು ತಿಳಿಸಬೇಕು ಎಂದೆಲ್ಲ ಅದರಲ್ಲಿದೆ. (ಒಗ್ಗರಣೆಯ ಎಣ್ಣೆಗೆ ವಿನಾಯಿತಿ ಇಲ್ಲ.) ಆದರೆ ಅದು ಮಾದರಿ. ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡರಷ್ಟೇ ಜೀವ. ಹುಡುಗ ಅದನ್ನು ನಂಬಿ ಓನರ್ ಜತೆ ಚೌಕಾಶಿಗೆ ಹೋಗಿ, ಐದು ತಿಂಗಳದ್ದಕ್ಕೆ ಒಪ್ಪಿ ಬಂದ. ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಮೂವರಲ್ಲಿ ಯಾರ ಆಧಾರ್ ಕೊಡುವುದೆಂದು ಒಂದು ಸಂಜೆ ಚರ್ಚೆಯಾಯಿತಂತೆ.

ಮೊನ್ನೆ ಅವನ ಜತೆಗಾರನೊಬ್ಬ ಹೈದರಾಬಾದಿಗೆ ಹೊರಟುನಿಂತಿದ್ದಾನೆ. ಪಾಲಿನ ಅಡ್ವಾನ್ಸಿಗೆ ಜಗಳ. ‘ಕರಾರಿನಲ್ಲಿ ಯಾರ ಹೆಸರಿದೆ?’ ಎಂದೆ. ‘ನಂದೊಂದೇ ಮಾವ, ಬ್ರೋಕರ್ ಒಂದು ಹೆಸರು ಸಾಕು ಅಂದ’ ಎಂದ.

ಮೂರು ಜನ ಸೇರಿ ಮನೆ ಹಿಡಿಯುವವರಿಗೆ ಹೇಳುವುದಿಷ್ಟು. ಬ್ರೋಕರ್ ಏನೇ ಅನ್ನಲಿ, ಮೂವರ ಹೆಸರೂ ಬರೆಸಿ, ಯಾರು ಎಷ್ಟು ಅಡ್ವಾನ್ಸು ಕೊಟ್ಟರೆಂದು ಅದರಲ್ಲೇ ಒಂದು ಸಾಲು ಹಾಕಿಸಿ, ಮಧ್ಯೆ ಬಿಟ್ಟು ಹೋಗುವವನಿಗೆ ಪೇಂಟಿಂಗ್ ಕಳೆಯಬೇಕೋ ಬೇಡವೋ ಎಂದೂ ಆವತ್ತೇ, ಇನ್ನೂ ಸ್ನೇಹಿತರಾಗಿರುವಾಗಲೇ, ತೀರ್ಮಾನಿಸಿ. ಹೆಸರು ಹೆಚ್ಚಾಯಿತೆಂದು ಮುದ್ರಾಂಕ ಶುಲ್ಕ ಹೆಚ್ಚಾಗುವುದಿಲ್ಲ.